ಲಾವೊತ್ಸೆ ತಂಗಿಹೋದ ಬೆಟ್ಟ

ಚೀನಾ ದೇಶದ ಪ್ರಾಚೀನ ರಾಜಧಾನಿಯಾದ ಚಾಂಗಾನ್ ಇಂದು ಸಿಯಾನ್ ಎಂಬ ಹೆಸರಿನಿಂದ ಪ್ರಸಿದ್ಧವಾಗಿದೆ. ಆ ನಗರಕ್ಕೆ ನೈರುತ್ಯದಲ್ಲಿ ಸುಮಾರು 70 ಕಿಲೋಮೀಟರು ದೂರದಲ್ಲಿ, ಚಿನ್‌ಲಿಂಗ್ ಪರ್ವತಶ್ರೇಣಿಯು ಬಯಲಿಗೆ ಇಳಿಯುವ ಅಂಚಿನಲ್ಲಿ, ಬಿದಿರ ಮೆಳೆಗಳಿಂದ ಸುತ್ತುವರಿದ ಒಂದು ಗುಡ್ಡವುಂಟು. ಹಿಂದೆ ನಿಂತ ಮಹಾಪರ್ವತಗಳ ಮುಂದೆ ಇದನ್ನು ಬೆಟ್ಟವೆನ್ನಲು ಸಂಕೋಚವಾಗಬೇಕು, ಅಷ್ಟು ಚಿಕ್ಕದು. ಆದರೆ ತಾವೋ ಧರ್ಮದ ಅನುಯಾಯಿಗಳಿಗೆ ಇದಕ್ಕಿಂತ ಹಿರಿದಾದ ನೆಲ ಬೇರೆಯಿಲ್ಲ. ಅವರ ಮೂಲಗ್ರಂಥವಾದ ‘ತಾವೊ ತೆ ಚಿಂಗ್’ ಲೋಕಕ್ಕೆ ದೊರೆತದ್ದು ಈ ಗುಡ್ಡದ ನೆತ್ತಿಯ ಮೇಲೆ ಎಂಬುದು ಅಲ್ಲಿಯ ಐತಿಹ್ಯ. ಸ್ಥಳದ ಹೆಸರು ಲೌಗುವಾನ್‌ತಾಯ್. ‘ಲೌ’ ಎಂದರೆ ಅಟ್ಟಣೆ ಅಥವಾ ಉಪ್ಪರಿಗೆ, ‘ಗುವಾನ್’ ಎಂದರೆ ನಿಟ್ಟಿಸಿ ನೋಡುವುದು, ‘ತಾಯ್’ ಎಂದರೆ ಎತ್ತರವಾದ ಕಟ್ಟೆ.

ಈ ಹೆಸರಿನೊಳಗೇ ಅಡಗಿರುವ ಕಥೆ ಇದು. ಜೌ ಅರಸರ ಕಾಲದಲ್ಲಿ ಯಿನ್ ಸೀ ಎಂಬ ಅಧಿಕಾರಿಯೊಬ್ಬನಿದ್ದನು. ಗಡಿಯ ಕಣಿವೆಯ ಹೆಬ್ಬಾಗಿಲನ್ನು ಕಾಯುವುದು ಅವನ ಉದ್ಯೋಗ. ಅವನು ಈ ಗುಡ್ಡದ ಮೇಲೆ ಹುಲ್ಲು ಹೊದಿಸಿದ ಒಂದು ಅಟ್ಟಣೆಯನ್ನು ಕಟ್ಟಿಕೊಂಡು, ರಾತ್ರಿಯ ವೇಳೆ ನಕ್ಷತ್ರಗಳ ಗತಿಯನ್ನೂ ಆಕಾಶದ ವರ್ಣವನ್ನೂ ಪರೀಕ್ಷಿಸುತ್ತಿದ್ದನು. ಒಂದು ದಿನ ಪೂರ್ವದಿಕ್ಕಿನಲ್ಲಿ ನೇರಿಳೆ ಬಣ್ಣದ ಆವಿಯೊಂದು ತೇಲಿ ಬರುವುದನ್ನು ಕಂಡು, ಮಹಾಪುರುಷನೊಬ್ಬನು ಈ ದಾರಿಯಾಗಿ ಬರಲಿರುವನೆಂದು ಊಹಿಸಿದನು. ಹಾಗೆಯೇ ಎತ್ತಿನ ಮೇಲೆ ಕುಳಿತ ಮುದುಕನೊಬ್ಬನು ಬಂದನು. ಅವನೇ ಲಾವೊತ್ಸೆ. ಜೌ ರಾಜ್ಯದ ಗ್ರಂಥಭಂಡಾರದ ಅಧಿಕಾರಿಯಾಗಿದ್ದ ಅವನು ರಾಜ್ಯದ ಅವನತಿಯನ್ನು ಕಂಡು ಬೇಸತ್ತು ಪಶ್ಚಿಮಕ್ಕೆ ಹೊರಟಿದ್ದನು. ಯಿನ್ ಸೀ ಅವನನ್ನು ಗುಡ್ಡಕ್ಕೆ ಕರೆತಂದು ಸತ್ಕರಿಸಿ, ಲೋಕವನ್ನು ತೊರೆದು ಹೋಗುವ ಮುನ್ನ ತಿಳಿದದ್ದನ್ನು ಬರೆದಿಟ್ಟು ಹೋಗಬೇಕೆಂದು ಬೇಡಿಕೊಂಡನು. ಮುದುಕನು ಐದು ಸಾವಿರ ಅಕ್ಷರಗಳಷ್ಟು ಬೋಧಿಸಿ ಮುಂದೆ ಸಾಗಿದನು. ತಾವೋ ದೇವಾಲಯಗಳಿಗೆ ಚೀನೀ ಭಾಷೆಯಲ್ಲಿ ‘ಗುವಾನ್’ ಎಂಬ ಹೆಸರು ಬಂದುದು ಯಿನ್ ಸೀಯ ಆ ಹುಲ್ಲಿನ ಅಟ್ಟಣೆಯಿಂದ ಎಂದು ತಾವೋ ಪಂಡಿತರು ಹೇಳುತ್ತಾರೆ.

ಗಮನಿಸತಕ್ಕ ಸಂಗತಿಯೆಂದರೆ, ಈ ಕಥೆಯಲ್ಲಿ ಗುರುವು ತಾನಾಗಿ ಏನನ್ನೂ ಮಾಡುವುದಿಲ್ಲ. ಶಿಷ್ಯರನ್ನು ಕೂಡಿಸುವುದಿಲ್ಲ, ಮಠವನ್ನು ಕಟ್ಟುವುದಿಲ್ಲ, ಗ್ರಂಥರಚನೆಯ ಸಂಕಲ್ಪವೂ ಅವನಿಗಿಲ್ಲ. ಕೇಳಿದವನೊಬ್ಬನಿದ್ದುದರಿಂದ ಗ್ರಂಥವು ಹುಟ್ಟಿತು. ಲೌಗುವಾನ್‌ತಾಯ್ ಗುರುವಿನ ಸ್ಥಾನವೆಂಬುದಕ್ಕಿಂತ ಕೇಳಿದವನ ಸ್ಥಾನ. ಅಟ್ಟಣೆಯೂ ಅವನದು, ಮನೆಯೂ ಅವನದು. ಲಾವೊತ್ಸೆ ಅಲ್ಲಿ ತಂಗಿದ ಅತಿಥಿ ಮಾತ್ರ.

ಇನ್ನು ಇತಿಹಾಸದ ಮಾತು. ಲಾವೊತ್ಸೆಯ ಜೀವನವನ್ನು ಕುರಿತ ಪ್ರಾಚೀನ ವೃತ್ತಾಂತವು ದೊರೆಯುವುದು ಕ್ರಿಸ್ತಪೂರ್ವ ಒಂದನೆಯ ಶತಮಾನದ ಆದಿಯಲ್ಲಿ ಇತಿಹಾಸಕಾರ ಸೀಮಾ ಚಿಯೆನ್ ಬರೆದ ಗ್ರಂಥದಲ್ಲಿ. ಅವನು ಗಡಿಯ ಬಾಗಿಲನ್ನು ಹೇಳುತ್ತಾನೆ, ಕಾವಲಿನ ಅಧಿಕಾರಿಯ ಬೇಡಿಕೆಯನ್ನು ಹೇಳುತ್ತಾನೆ, ಗ್ರಂಥದ ಎರಡು ಭಾಗಗಳನ್ನು ಹೇಳುತ್ತಾನೆ; ಆಮೇಲೆ ಲಾವೊತ್ಸೆ ಏನಾದನೆಂಬುದು ಯಾರಿಗೂ ತಿಳಿಯದೆಂದು ಮುಗಿಸುತ್ತಾನೆ. ಆ ಬಾಗಿಲು ಯಾವುದೆಂದು ಅವನು ಹೆಸರಿಸುವುದಿಲ್ಲ. ಬಹುಮಂದಿ ಅದನ್ನು ಪೂರ್ವಕ್ಕೆ ಬಹುದೂರದಲ್ಲಿ, ಇಂದಿನ ಹನಾನ್ ಪ್ರಾಂತದಲ್ಲಿರುವ ಹಾನ್‌ಗೂ ಕಣಿವೆಯೆಂದು ಗುರುತಿಸುತ್ತಾರೆ. ಕಣಿವೆಯಲ್ಲಿ ಭೇಟಿಯಾಯಿತು, ಬಳಿಕ ಯಿನ್ ಸೀ ಗುರುವನ್ನು ತನ್ನ ಮನೆಗೆ ಕರೆತಂದನು, ಉಪದೇಶವು ನಡೆದುದು ಇಲ್ಲಿಯೇ ಎಂಬುದು ಲೌಗುವಾನ್‌ತಾಯ್ ಪಕ್ಷದ ಸಮಾಧಾನ.

ಇದಕ್ಕಿಂತ ಕುತೂಹಲಕರವಾದುದು ಯಿನ್ ಸೀ ಎಂಬ ಹೆಸರಿನ ಪ್ರಶ್ನೆ. ಸೀಮಾ ಚಿಯೆನ್ನನ ವಾಕ್ಯದಲ್ಲಿ ‘ಯಿನ್’ ಎಂಬುದು ಅಧಿಕಾರಪದವೂ ಆಗಬಲ್ಲದು. ‘ಸೀ’ ಎಂಬ ಅಕ್ಷರಕ್ಕೆ ‘ಸಂತೋಷಗೊಂಡು’ ಎಂಬ ಅರ್ಥವಿದೆ. ಆದ್ದರಿಂದ ಅದೇ ವಾಕ್ಯವನ್ನು ‘ಬಾಗಿಲ ಕಾವಲಿನ ಅಧಿಕಾರಿಯಾದ ಯಿನ್ ಸೀ ಹೇಳಿದನು’ ಎಂದೂ ಅರ್ಥೈಸಬಹುದು, ‘ಬಾಗಿಲ ಕಾವಲಿನ ಅಧಿಕಾರಿಯು ಸಂತೋಷಗೊಂಡು ಹೇಳಿದನು’ ಎಂದೂ ಅರ್ಥೈಸಬಹುದು. ಎರಡನೆಯ ಅರ್ಥವೇ ಸರಿಯಾದರೆ, ಸಾವಿರಾರು ವರ್ಷ ಪೂಜೆಗೊಂಡ ಮಹಾಶಿಷ್ಯನ ಹೆಸರು ಒಂದು ಕ್ರಿಯಾಪದದಿಂದ ಹುಟ್ಟಿದಂತಾಗುತ್ತದೆ. ಆದರೆ ಹೆಸರು ಸಂದಿಗ್ಧವಾದ ಮಾತ್ರಕ್ಕೆ ವ್ಯಕ್ತಿಯೇ ಇಲ್ಲವೆನ್ನುವುದು ಆತುರವಾದೀತು. ‘ಜ್ವಾಂಗ್‌ತ್ಸೆ’ ಗ್ರಂಥದ ಕೊನೆಯ ಅಧ್ಯಾಯವು ಬಾಗಿಲ ಕಾವಲುಗಾರನೊಬ್ಬನನ್ನು ಲಾವೊತ್ಸೆಯ ಜೊತೆಯಲ್ಲಿಯೇ ಹಿಂದಿನ ಜ್ಞಾನಿಗಳ ಸಾಲಿನಲ್ಲಿ ಸ್ಮರಿಸುತ್ತದೆ.

ಗ್ರಂಥದ ವಿಷಯದಲ್ಲಿಯೂ ಭೂಮಿಯೊಳಗಿಂದ ಹೊಸ ಸಾಕ್ಷ್ಯ ಬಂದಿದೆ. 1973ರಲ್ಲಿ ಮಾವಾಂಗ್‌ದ್ವೇಯ್ ಎಂಬಲ್ಲಿ, ಕ್ರಿ.ಪೂ. 168ರಲ್ಲಿ ಮುಚ್ಚಿದ ಗೋರಿಯೊಂದರಿಂದ ರೇಷ್ಮೆಯ ಮೇಲೆ ಬರೆದ ಎರಡು ಪ್ರತಿಗಳು ದೊರೆತವು. ಅವುಗಳಲ್ಲಿ ಗ್ರಂಥದ ಉತ್ತರಾರ್ಧವೇ ಮೊದಲು ಬರುತ್ತದೆ. 1993ರಲ್ಲಿ ಗುವೊದಿಯೆನ್ ಎಂಬಲ್ಲಿ ದೊರೆತ ಬಿದಿರ ಪಟ್ಟಿಗಳು ಇನ್ನೂ ಹಳೆಯವು, ಸುಮಾರು ಕ್ರಿ.ಪೂ. 300ರವು, ಅವುಗಳಲ್ಲಿ ಇಂದಿನ ಗ್ರಂಥದ ಸುಮಾರು ಮೂರನೆಯ ಒಂದು ಪಾಲು ಮಾತ್ರ, ಅದೂ ಬೇರೆಯದೇ ಕ್ರಮದಲ್ಲಿ ಇದೆ. ಗ್ರಂಥವು ಒಬ್ಬನಿಂದ ಒಂದೇ ಸಲಕ್ಕೆ ರಚಿತವಾಯಿತೆಂಬ ನಂಬಿಕೆಯನ್ನು ಇದರಿಂದಾಗಿ ಇಂದಿನ ಹಲವು ವಿದ್ವಾಂಸರು ಒಪ್ಪುವುದಿಲ್ಲ. ಲೌಗುವಾನ್‌ತಾಯ್ ತಾವೋ ಕೇಂದ್ರವಾಗಿ ಬೆಳೆದುದಕ್ಕೆ ಗಟ್ಟಿಯಾದ ಆಧಾರಗಳು ದೊರೆಯುವುದು ಕ್ರಿ.ಶ. ಐದನೆಯ ಶತಮಾನದಿಂದ ಈಚೆಗೆ. ಹೀಗೆ ಲಾವೊತ್ಸೆಯ ಕಾಲವೆಂದು ಹೇಳಲಾಗುವುದಕ್ಕೂ ಗುಡ್ಡದ ದಾಖಲೆಗೂ ನಡುವೆ ಒಂದು ಸಾವಿರ ವರ್ಷಗಳ ಮೌನವಿದೆ.

ಈ ಅಂತರವನ್ನು ಮನಸ್ಸಿನಲ್ಲಿಟ್ಟುಕೊಂಡೇ ಯಾತ್ರಿಕನು ಗುಡ್ಡವನ್ನೇರುವುದು ಒಳ್ಳೆಯದು. ನೆತ್ತಿಯ ಮೇಲಿನ ದೇವಾಲಯಕ್ಕೆ ಷ್ವೊಜಿಂಗ್‌ತಾಯ್ ಎಂದು ಹೆಸರು. ಶಾಸ್ತ್ರವನ್ನು ಬೋಧಿಸಿದ ಕಟ್ಟೆ ಎಂದರ್ಥ. ತಪ್ಪಲಿನಲ್ಲಿ ಒಂದು ಚಿಲುಮೆಯ ಕೊಳವಿದೆ. ಶ್ರೇಷ್ಠವಾದ ಒಳಿತನ್ನು ನೀರಿಗೆ ಹೋಲಿಸುವ ‘ತಾವೊ ತೆ ಚಿಂಗ್’ನ 8ನೆಯ ಅಧ್ಯಾಯದಿಂದ ಆ ಕೊಳದ ಹೆಸರು ಬಂದಿದೆ. ಸುತ್ತಲಿನ ಊರುಗಳಲ್ಲಿ ಸಾಂಕ್ರಾಮಿಕ ರೋಗವು ಹರಡಿದ್ದಾಗ ಮಠದ ಹಿರಿಯನ ಕನಸಿನಲ್ಲಿ ಈ ನೀರಿನ ಸುಳಿವು ದೊರೆಯಿತೆಂದೂ ಅದನ್ನು ಕುಡಿದವರು ಗುಣಹೊಂದಿದರೆಂದೂ ಸ್ಥಳದವರು ಹೇಳುತ್ತಾರೆ. ಹೆಸರನ್ನು ಕೆತ್ತಿದ ಕಲ್ಲಿನ ಅಕ್ಷರಗಳು ಯುವಾನ್ ಕಾಲದ ಹೆಸರಾಂತ ಲಿಪಿಕಾರ ಜಾವ್ ಮೆಂಗ್‌ಫುವಿನವೆಂದು ಪ್ರತೀತಿ.

ಅಲ್ಲಿಂದ ಕಲ್ಲಿನ ಮೆಟ್ಟಿಲುಗಳು ಬಿದಿರು ಮತ್ತು ಸೈಪ್ರಸ್ ಮರಗಳ ನೆರಳಿನಲ್ಲಿ ಮೇಲಕ್ಕೆ ಸಾಗುತ್ತವೆ. ನೆತ್ತಿಯನ್ನು ಮುಟ್ಟಿದವನಿಗೆ ಮೊದಲು ತೋರುವುದು ಕಟ್ಟಡದ ಅಲ್ಪತೆ. ಇಕ್ಕಟ್ಟಾದ ಅಂಗಳಗಳು, ಬೂದುಬಣ್ಣದ ಹೆಂಚಿನ ಮಾಡುಗಳು, ಲಾವೊತ್ಸೆಯ ಗುಡಿ, ಅದರ ಹಿಂದೆ ನಕ್ಷತ್ರಗಳ ತಾಯಿಯೆನಿಸಿದ ದೇವಿಯ ಗುಡಿ, ಕಷ್ಟ ಪರಿಹರಿಸುವ ದೇವತೆಯ ಗುಡಿ: ಇಷ್ಟೇ. ಜಗತ್ತಿನ ಮೂಲೆಮೂಲೆಗಳ ಭಾಷೆಗಳಿಗೆ ಅನುವಾದಗೊಂಡ ಗ್ರಂಥದ ಜನ್ಮಸ್ಥಾನವೆಂದು ಮಹಾಪ್ರಾಸಾದವನ್ನು ನಿರೀಕ್ಷಿಸಿ ಬಂದವನಿಗೆ ನಿರಾಶೆಯಾಗಬಹುದು. ಅಂಗಳದಲ್ಲಿ ನಿಂತು ಉತ್ತರಕ್ಕೆ ನೋಡಿದರೆ ವೇಯ್ ನದಿಯ ಬಯಲು ಕಣ್ಣು ಹಾಯುವವರೆಗೆ ಚಾಚಿದೆ; ದಕ್ಷಿಣಕ್ಕೆ ತಿರುಗಿದರೆ ಪರ್ವತಗಳ ಗೋಡೆ. ಊರು ಮುಗಿದು ಕಾಡು ಆರಂಭವಾಗುವ ಅಂಚು ಇದು. ಒಂದು ದಡದಿಂದ ಇನ್ನೊಂದು ದಡಕ್ಕೆ ದಾಟುವ ಮುನ್ನ ಮುದುಕನೊಬ್ಬನು ತಂಗಿದ ಕಥೆಗೆ ಇದಕ್ಕಿಂತ ಒಪ್ಪುವ ಎಡೆಯನ್ನು ಹುಡುಕುವುದು ಕಷ್ಟ. ತಲೆಗೂದಲನ್ನು ನೆತ್ತಿಯ ಮೇಲೆ ಗಂಟುಕಟ್ಟಿದ, ನೀಲಿ ನಿಲುವಂಗಿಯ ತಾವೋ ಯತಿಗಳು ಬೆಳಗು ಬೈಗುಗಳಲ್ಲಿ ಇಲ್ಲಿ ಪಾರಾಯಣ ನಡೆಸುತ್ತಾರೆ. ಇವರು ಚ್ವಾನ್‌ಜೆನ್ ಪಂಥದವರು. ಬ್ರಹ್ಮಚರ್ಯವೂ ಮಠವಾಸವೂ ಆ ಪಂಥದ ನಿಯಮ.

ಇಲ್ಲಿಯ ನಿಜವಾದ ಸಂಪತ್ತು ಶಿಲಾಶಾಸನಗಳು. ಇಡೀ ‘ತಾವೊ ತೆ ಚಿಂಗ್’ ಗ್ರಂಥವನ್ನು ಕಲ್ಲಿನ ಮೇಲೆ ಕೊರೆದು ನಿಲ್ಲಿಸಿದ್ದಾರೆ. ತಾಂಗ್ ಕಾಲದ ಮಹಾಲಿಪಿಕಾರ ಔಯಾಂಗ್ ಷುನ್ ಬರೆದನೆಂದು ಹೇಳುವ 626ರ ಶಾಸನವಿದೆ. ಸುಂಗ್ ಕಾಲದ ಮೀ ಫುವಿನ ಕೈಬರಹದ ಕಲ್ಲಿದೆ. ಕವಿ ಸೂ ಷೀ 1060ರ ದಶಕದ ಆದಿಯಲ್ಲಿ ಸಮೀಪದ ಫೆಂಗ್‌ಸಿಯಾಂಗ್‌ನಲ್ಲಿ ಅಧಿಕಾರಿಯಾಗಿದ್ದಾಗ ಇಲ್ಲಿಗೆ ಬಂದು ಕವಿತೆಗಳನ್ನು ರಚಿಸಿದನು. ಬರೆಯಲು ಇಷ್ಟವಿಲ್ಲದೆ ಹೊರಟುಹೋಗುತ್ತಿದ್ದ ಒಬ್ಬನ ನೆನಪಿಗೆ ಇಷ್ಟು ಮಂದಿ ಇಷ್ಟು ಬರೆದಿರುವುದು ಸೋಜಿಗವೇ ಸರಿ.

ಗುಡ್ಡದ ಮೌನವು ಬಹುಕಾಲ ಉಳಿಯಲಿಲ್ಲ. ಅರಮನೆಯ ಕಣ್ಣು ಅದರ ಮೇಲೆ ಬಿತ್ತು. ಸಂಪ್ರದಾಯದಂತೆ ಲಾವೊತ್ಸೆಯ ಮನೆತನದ ಹೆಸರು ಲೀ. 617ರಲ್ಲಿ ಸುಯ್ ವಂಶದ ವಿರುದ್ಧ ದಂಡೆತ್ತಿದ ಲೀ ಯ್ವಾನ್‌ನ ಮನೆತನವೂ ಲೀ. ಆಗ ಇಲ್ಲಿಯ ಅಧಿಪತಿಯಾಗಿದ್ದ ಚೀ ಹ್ವೇಯ್ ದೂರದೃಷ್ಟಿಯುಳ್ಳವನು; ಮಠದ ಕಣಜದ ಧಾನ್ಯವನ್ನು ಬಂಡೆದ್ದ ಸೈನ್ಯಕ್ಕೆ ಒದಗಿಸಿದನು. ಮರುವರ್ಷ ಲೀ ಯ್ವಾನ್ ತಾಂಗ್ ವಂಶದ ಮೊದಲ ಸಾಮ್ರಾಟನಾದನು. 620ರಲ್ಲಿ ಈ ಕ್ಷೇತ್ರಕ್ಕೆ ‘ಜೊಂಗ್‌ಷೆಂಗ್ ಗುವಾನ್’, ಎಂದರೆ ಕುಲದ ಮೂಲಪುರುಷನಾದ ಸಂತನ ದೇವಾಲಯ, ಎಂಬ ಹೊಸ ಹೆಸರು ಬಂದಿತು. ರಾಜ್ಯವನ್ನು ತೊರೆದು ಹೋದವನು ಹೀಗೆ ರಾಜವಂಶದ ಅಜ್ಜನಾದನು. 741ರಲ್ಲಿ ಸಾಮ್ರಾಟ ಷ್ವಾನ್‌ಜೊಂಗ್‌ನ ಕನಸಿನಲ್ಲಿ ಲಾವೊತ್ಸೆ ಕಾಣಿಸಿಕೊಂಡು, ತನ್ನ ಪ್ರತಿಮೆಯು ರಾಜಧಾನಿಯ ನೈರುತ್ಯದಲ್ಲಿದೆಯೆಂದು ತಿಳಿಸಿದನಂತೆ. ಹುಡುಕಲು ಹೋದವರಿಗೆ ಲೌಗುವಾನ್ ಬೆಟ್ಟಗಳಲ್ಲಿ ಪ್ರತಿಮೆಯು ದೊರೆಯಿತು. ಅದನ್ನು ಮೆರವಣಿಗೆಯಲ್ಲಿ ಅರಮನೆಗೆ ತಂದರು. ಅರಸನು ಕನಸು ಕಂಡ ಮೇಲೆ ಪ್ರತಿಮೆ ದೊರೆಯದಿರುವುದುಂಟೆ!

ಅರಮನೆಯ ಈ ಆದರಕ್ಕಿಂತ ಹೆಚ್ಚಿನ ಕೇಡು ತಂದುದು ಇನ್ನೊಂದು ಹಂಬಲ, ಮತ್ತು ಅದು ಭಾರತಕ್ಕೆ ಸಂಬಂಧಿಸಿದ್ದು. ಲಾವೊತ್ಸೆ ಪಶ್ಚಿಮಕ್ಕೆ ಹೋದನಷ್ಟೆ, ಎಲ್ಲಿಗೆ ಹೋದನು? ಸೀಮಾ ಚಿಯೆನ್ ಹೇಳದೆ ಬಿಟ್ಟುದನ್ನು ಮುಂದಿನವರು ತುಂಬಿದರು. ಅವನು ಭಾರತವನ್ನು ಸೇರಿದನು, ಅಲ್ಲಿ ಬುದ್ಧನಾದನು ಅಥವಾ ಬುದ್ಧನಿಗೆ ಬೋಧಿಸಿದನು. ಆದ್ದರಿಂದ ಬೌದ್ಧಧರ್ಮವು ಪರದೇಶದವರಿಗಾಗಿ ಸರಳಗೊಳಿಸಿದ ತಾವೋ ಧರ್ಮವೇ ಹೊರತು ಬೇರೆಯಲ್ಲ! ಲಾವೊತ್ಸೆಯ ಭಾರತಪ್ರಯಾಣದ ಮಾತಿನಿಂದ ಆರಂಭವಾಗುವ ‘ಸೀಷೆಂಗ್ ಜಿಂಗ್’, ಎಂದರೆ ಪಶ್ಚಿಮಾರೋಹಣದ ಗ್ರಂಥ, ಐದನೆಯ ಶತಮಾನದ ಕೊನೆಯ ಭಾಗದಲ್ಲಿ ಲೌಗುವಾನ್ ವಲಯದಲ್ಲಿಯೇ ಹುಟ್ಟಿರಬೇಕೆಂದು ವಿದ್ವಾಂಸರ ಊಹೆ. ‘ಹ್ವಾಹು ಜಿಂಗ್’, ಎಂದರೆ ಅನ್ಯರನ್ನು ಪರಿವರ್ತಿಸಿದ ಗ್ರಂಥ, ಇನ್ನೂ ಕಟುವಾದುದು. ಪರಮತದ ಗುರುವನ್ನು ತಮ್ಮ ಗುರುವಿನ ವೇಷವೆಂದು ಹೇಳುವುದು ನಿಂದೆಗಿಂತಲೂ ಸೂಕ್ಷ್ಮವಾದ ಆಕ್ರಮಣ. ಅದು ಮೇಲ್ನೋಟಕ್ಕೆ ಗೌರವದಂತೆ ತೋರಿದರೂ ಎದುರಾಳಿಗೆ ಸ್ವಂತವಾದ ಒಂದು ಹೆಸರನ್ನೂ ಉಳಿಸುವುದಿಲ್ಲ. ಬೌದ್ಧರು ಶತಮಾನಗಳ ಕಾಲ ಇದನ್ನು ಪ್ರತಿಭಟಿಸಿದರು. ಕೊನೆಗೆ 1258ರಲ್ಲಿ ಮಂಗೋಲರ ಕುಬ್ಲಾಯ್‌ನ ಅಧ್ಯಕ್ಷತೆಯಲ್ಲಿ ನಡೆದ ವಾದದಲ್ಲಿ ತಾವೋ ಪಕ್ಷವು ಸೋತಿತು. ಆ ಪಕ್ಷದ 17 ಮಂದಿ ತಲೆ ಬೋಳಿಸಿಕೊಂಡು ಬೌದ್ಧ ಭಿಕ್ಷುಗಳಾಗಬೇಕಾಯಿತು. 1281ರಲ್ಲಿ ತಾವೋ ಗ್ರಂಥಗಳನ್ನು ಸುಡುವಂತೆ ಆಜ್ಞೆಯಾಯಿತು. ಆ ಆಜ್ಞೆಯಿಂದ ವಿನಾಯಿತಿ ಪಡೆದುದು ಒಂದೇ ಗ್ರಂಥ, ‘ತಾವೊ ತೆ ಚಿಂಗ್’.

ಭಾರತಕ್ಕೆ ಲಾವೊತ್ಸೆ ಹೋಗಲಿಲ್ಲವಾದರೂ ಅವನ ಗ್ರಂಥವು ಹೊರಡಲು ಸಿದ್ಧವಾದುದು ನಿಜ. ಅದು ತಾಂಗ್ ವಂಶದ ಎರಡನೆಯ ಸಾಮ್ರಾಟ ತಾಯ್‌ಜೊಂಗ್‌ನ ಕಾಲದ ಸಂಗತಿ. ಇಂದಿನ ಅಸ್ಸಾಮಿನ ಪ್ರದೇಶವಾದ ಕಾಮರೂಪದ ಅರಸನು ಚೀನಾದ ರಾಯಭಾರಿಗಳ ಮೂಲಕ ಲಾವೊತ್ಸೆಯ ಪ್ರತಿಮೆಯನ್ನೂ ಅವನ ಗ್ರಂಥವನ್ನೂ ಬೇಡಿದನೆಂದು ತಾಂಗ್ ಇತಿಹಾಸವು ದಾಖಲಿಸಿದೆ. ಈ ಅರಸನೇ ಹರ್ಷವರ್ಧನನ ಮಿತ್ರನಾದ ಭಾಸ್ಕರವರ್ಮ. 647ರಲ್ಲಿ ಸಾಮ್ರಾಟನು ಗ್ರಂಥವನ್ನು ಸಂಸ್ಕೃತಕ್ಕೆ ಅನುವಾದಿಸುವ ಕಾರ್ಯವನ್ನು ಹ್ಯೂಯೆನ್‌ತ್ಸಾಂಗನಿಗೆ ಒಪ್ಪಿಸಿದನು. ಕನ್ನಡಿಗರಿಗೆ ಈತನು ಅಪರಿಚಿತನಲ್ಲ. ಇಮ್ಮಡಿ ಪುಲಕೇಶಿಯ ರಾಜ್ಯವನ್ನು ಕಂಡು, ಆ ಅರಸನ ಪರಾಕ್ರಮವನ್ನೂ ಪ್ರಜೆಗಳ ಸ್ವಾಭಿಮಾನವನ್ನೂ ಬಣ್ಣಿಸಿದ ಯಾತ್ರಿಕನೇ ಈತ. ಭಾರತದಿಂದ 645ರಲ್ಲಷ್ಟೆ ಹಿಂದಿರುಗಿದ್ದ ಅವನು ಕಾಮರೂಪದ ಅರಸನ ಆತಿಥ್ಯವನ್ನೂ ಪಡೆದಿದ್ದನು.

ಅನುವಾದಕ್ಕಾಗಿ ತಾವೋ ಪಂಡಿತರೂ ಬೌದ್ಧರೂ ಚಾಂಗಾನಿನ ಒಂದು ತಾವೋ ದೇವಾಲಯದಲ್ಲಿ ಸೇರಿದರು. ‘ತಾವೋ’ ಎಂಬ ಮೂಲಶಬ್ದದಲ್ಲಿಯೇ ತಕರಾರು ಹುಟ್ಟಿತು. ಅದನ್ನು ಸಂಸ್ಕೃತದಲ್ಲಿ ಏನೆನ್ನಬೇಕು? ಛೆಂಗ್ ಷ್ವಾನ್‌ಯಿಂಗ್, ತ್ಸಾಯ್ ಹ್ವಾಂಗ್ ಮೊದಲಾದ ತಾವೋ ಪಂಡಿತರು ‘ಬೋಧಿ’ ಎಂದಾಗಬೇಕೆಂದರು. ಅವರ ವಾದದಲ್ಲಿ ಹುರುಳಿಲ್ಲದೆ ಇರಲಿಲ್ಲ. ಹಿಂದಿನ ಬೌದ್ಧ ಅನುವಾದಕರೇ ‘ಬೋಧಿ’ಯನ್ನು ಚೀನೀ ಭಾಷೆಗೆ ತರುವಾಗ ‘ತಾವೋ’ ಎಂದು ಬರೆದಿದ್ದರು. ಹ್ಯೂಯೆನ್‌ತ್ಸಾಂಗನು ಒಪ್ಪಲಿಲ್ಲ. ಬೋಧಿ ಎಂದರೆ ಎಚ್ಚರ, ತಾವೋ ಎಂದರೆ ದಾರಿ. ಆದ್ದರಿಂದ ‘ಮಾರ್ಗ’ ಎಂಬುದೇ ಸರಿಯಾದ ಪದವೆಂದು ಪಟ್ಟುಹಿಡಿದನು. ಗ್ರಂಥದ ಜೊತೆಗೆ ಅದರ ಒಂದು ಹಳೆಯ ಪೀಠಿಕೆಯನ್ನೂ ಅನುವಾದಿಸಬೇಕೆಂದು ತಾವೋ ಪಂಡಿತರು ಕೇಳಿದಾಗ, ಹಲ್ಲು ಕಡಿಯುವುದು, ಉಗುಳು ನುಂಗುವುದು ಮುಂತಾದ ಸಾಧನೆಗಳ ಮಾತುಗಳನ್ನು ಓದಿ ಭಾರತದವರು ನಕ್ಕಾರೆಂದು ಅದನ್ನೂ ನಿರಾಕರಿಸಿದನು.

ಈ ವೃತ್ತಾಂತವು ನಮಗೆ ತಲುಪಿರುವುದು ಬೌದ್ಧ ಲೇಖಕ ದಾವೋಷ್ವಾನ್‌ನ ಕೃತಿಯಿಂದ ಎಂಬುದನ್ನು ಮರೆಯಬಾರದು. ಗೆದ್ದವರ ಬರವಣಿಗೆ ಅದು. ಆದರೂ ಪ್ರಶ್ನೆಯು ಘನವಾದುದು. ‘ಬೋಧಿ’ ಎಂದಿದ್ದರೆ ಕಾಮರೂಪದ ಓದುಗನಿಗೆ ಲಾವೊತ್ಸೆಯು ಬುದ್ಧನ ಇನ್ನೊಂದು ರೂಪವಾಗಿಬಿಡುತ್ತಿದ್ದನು. ಹ್ವಾಹು ಗ್ರಂಥದ ಹಂಬಲವು ಒಂದೇ ಪದದಿಂದ ಈಡೇರುತ್ತಿತ್ತು. ‘ಮಾರ್ಗ’ ಎಂದುದರಿಂದ ಇಬ್ಬರಿಗೂ ತಮ್ಮ ತಮ್ಮ ಸ್ಥಾನ ಉಳಿಯಿತು. ಹ್ಯೂಯೆನ್‌ತ್ಸಾಂಗನು ಬೌದ್ಧಾಭಿಮಾನದಿಂದ ಹಾಗೆ ಹೇಳಿದ್ದರೂ ಲಾವೊತ್ಸೆಗೆ ಅವನು ಮಾಡಿದುದು ಉಪಕಾರವೆಂದೇ ಎಣಿಸಬೇಕು. ಕನ್ನಡದ ಉಪಲಬ್ಧ ಮೊದಲ ಗ್ರಂಥದ ಹೆಸರಿನಲ್ಲಿಯೇ ‘ಮಾರ್ಗ’ವಿರುವುದರಿಂದ, ನಡೆಯುವ ದಾರಿಯೂ ನಡೆಯಬೇಕಾದ ರೀತಿಯೂ ಒಂದೇ ಶಬ್ದದಲ್ಲಿ ಹೇಗೆ ಕೂಡುತ್ತವೆಂಬುದನ್ನು ನಮ್ಮ ಓದುಗರಿಗೆ ವಿವರಿಸಬೇಕಾಗಿಲ್ಲ. ಯು. ಆರ್. ಅನಂತಮೂರ್ತಿಯವರು ತಮ್ಮ ಕನ್ನಡ ಅನುವಾದಕ್ಕೆ ‘ದಾವ್ ದ ಜಿಂಗ್’ ಎಂದು ಚೀನೀ ಹೆಸರನ್ನೇ ಇಟ್ಟರು. ತಕರಾರಿಗೆ ಅದೂ ಒಂದು ಉತ್ತರ. ಹ್ಯೂಯೆನ್‌ತ್ಸಾಂಗನ ಸಂಸ್ಕೃತ ಅನುವಾದದ ಪ್ರತಿಯು ಇದುವರೆಗೆ ಭಾರತದಲ್ಲಿಯೂ ಚೀನಾದಲ್ಲಿಯೂ ದೊರೆತಿಲ್ಲ.

ಗುಡ್ಡದ ಮುಂದಿನ ಚರಿತ್ರೆಯು ಕೆಡಹುವುದರ ಮತ್ತು ಕಟ್ಟುವುದರ ಚರಿತ್ರೆ. ಯುದ್ಧಗಳಲ್ಲಿ ಹಾಳಾದುದನ್ನು ಹದಿಮೂರನೆಯ ಶತಮಾನದಲ್ಲಿ ಚ್ವಾನ್‌ಜೆನ್ ಪಂಥದವರು ಮತ್ತೆ ಎತ್ತಿ ನಿಲ್ಲಿಸಿದರು. ಬಯಲಿನಲ್ಲಿದ್ದ ಜೊಂಗ್‌ಷೆಂಗ್ ದೇವಾಲಯವು ಕಾಲಕ್ರಮದಲ್ಲಿ ನಾಶವಾಯಿತು; ನೆತ್ತಿಯ ಚಿಕ್ಕ ಗುಡಿಯು ಉಳಿಯಿತು. 1966ರಲ್ಲಿ ಆರಂಭವಾದ ಸಾಂಸ್ಕೃತಿಕ ಕ್ರಾಂತಿಯ ದಶಕವು ಚೀನಾದ ಎಲ್ಲ ಮತಗಳ ಸ್ಥಾನಗಳಿಗೂ ಕಷ್ಟದ ಕಾಲ. 1983ರಲ್ಲಿ ಸರಕಾರವು ದೇಶದ 21 ಪ್ರಮುಖ ತಾವೋ ದೇವಾಲಯಗಳ ಪಟ್ಟಿಯನ್ನು ಪ್ರಕಟಿಸಿದಾಗ ಅದರಲ್ಲಿ ಲೌಗುವಾನ್‌ತಾಯ್ ಸೇರಿತ್ತು. ಇಲ್ಲಿಯ ಅಧಿಪತಿಯಾಗಿದ್ದ ರೆನ್ ಫಾರೊಂಗ್ ‘ತಾವೊ ತೆ ಚಿಂಗ್’ಗೆ ವ್ಯಾಖ್ಯಾನ ಬರೆದವರು, 2005ರಿಂದ 2015ರವರೆಗೆ ಅಖಿಲ ಚೀನಾ ತಾವೋ ಸಂಘದ ಅಧ್ಯಕ್ಷರಾಗಿದ್ದು 2021ರಲ್ಲಿ ತೀರಿಕೊಂಡರು. ಅಮೆರಿಕದ ಅನುವಾದಕ ಬಿಲ್ ಪೋರ್ಟರ್ 1989ರಲ್ಲಿ ಈ ಪರ್ವತಗಳ ಏಕಾಂತವಾಸಿಗಳನ್ನು ಹುಡುಕಿಕೊಂಡು ಬಂದಾಗ ಅವರೊಡನೆ ನಡೆಸಿದ ಸಂಭಾಷಣೆಯು 1993ರಲ್ಲಿ ಪ್ರಕಟವಾದ ಅವನ ಗ್ರಂಥದಲ್ಲಿದೆ.

ಈ ಶತಮಾನದಲ್ಲಿ ಗುಡ್ಡದ ಬುಡದ ಬಯಲಿನಲ್ಲಿ ವಿಶಾಲವಾದ ಹೊಸ ದೇವಾಲಯಗಳ ಸಾಲು, ಅಗಲವಾದ ಚೌಕಗಳು, ವಾಹನಗಳ ನಿಲುಗಡೆ ಎಲ್ಲವೂ ನಿರ್ಮಾಣವಾಗಿವೆ. ಪ್ರವಾಸಿಗರ ಗುಂಪಿನ ಬಹುಪಾಲು ಅಲ್ಲಿಯೇ ತೃಪ್ತಿಗೊಂಡು ಹಿಂದಿರುಗುತ್ತದೆ. ಹಳೆಯ ಕಟ್ಟೆಗೆ ಇದು ನಷ್ಟವೆಂದು ಹೇಳುವಂತಿಲ್ಲ. ಹೊಸ ಪ್ರಾಸಾದಗಳು ಗದ್ದಲವನ್ನು ತಮ್ಮಲ್ಲಿಯೇ ಹಿಡಿದಿಟ್ಟುಕೊಂಡಿರುವುದರಿಂದ ಮೆಟ್ಟಿಲುಗಳನ್ನೇರಿ ಬಂದವನಿಗೆ ಬಿದಿರಿನ ಸದ್ದಾದರೂ ಕೇಳಿಸೀತು. ಬೆಳಗಿನ ಪಾರಾಯಣದ ಹೊತ್ತಿಗೆ ತಲುಪುವುದು ಉತ್ತಮ. ಕೆಳಗಿಳಿದ ಮೇಲೆ ಹಳೆಯ ಜೊಂಗ್‌ಷೆಂಗ್ ದೇವಾಲಯದ ನಿವೇಶನವನ್ನು ನೋಡದೆ ಬರಬಾರದು. ಬಹು ಹಳೆಯ ಸೈಪ್ರಸ್ ಮರಗಳು ಅಲ್ಲಿವೆ. ಅವುಗಳಲ್ಲಿ ಒಂದಕ್ಕೆ ಲಾವೊತ್ಸೆ ತನ್ನ ಎತ್ತನ್ನು ಕಟ್ಟಿದನೆಂದು ಹೇಳುತ್ತಾರೆ. ಅದರ ಬುಡದಲ್ಲಿ ಕಲ್ಲಿನ ಎತ್ತೊಂದು ಮಲಗಿದೆ.

ಇಲ್ಲಿಂದ ಪಶ್ಚಿಮಕ್ಕೆ, ಅದೇ ತಪ್ಪಲಿನಲ್ಲಿ, ಲಾವೊತ್ಸೆಯ ಸಮಾಧಿಯೆಂದು ತೋರಿಸುವ ದಿಬ್ಬವೂ ಉಂಟು. ಇದು ಇತ್ತೀಚಿನ ಕಲ್ಪನೆಯಲ್ಲ. 527ರಲ್ಲಿ ಮಡಿದ ಭೂಗೋಳಜ್ಞ ಲೀ ದಾವೊಯ್ವಾನ್ ತನ್ನ ನದಿವರ್ಣನೆಯ ಗ್ರಂಥದಲ್ಲಿ, ಜನರು ಲಾವೊತ್ಸೆಯ ಸಮಾಧಿಯೆಂದು ಕರೆಯುವ ದಿಬ್ಬವನ್ನು ಈ ಸೀಮೆಯಲ್ಲಿ ಹೇಳಿದ್ದಾನೆ. ‘ಜ್ವಾಂಗ್‌ತ್ಸೆ’ ಗ್ರಂಥದಲ್ಲಿಯೂ ಲಾವೊತ್ಸೆ ಸತ್ತನೆಂದೂ ಮಿತ್ರನೊಬ್ಬನು ಬಂದು ಮೂರು ಬಾರಿ ಅತ್ತು ಹೊರಟುಹೋದನೆಂದೂ ಇದೆ. ಭಾರತದವರೆಗೆ ಹೋದನೆಂದು ಒಂದು ಕಾಲದಲ್ಲಿ ವಾದಿಸಿದ ಬೆಟ್ಟದವರು, ಒಂದೆರಡು ಗಂಟೆಯ ನಡಿಗೆಯಷ್ಟು ದೂರದಲ್ಲಿ ಅವನ ಸಮಾಧಿಗೂ ಧೂಪವಿಡುತ್ತ ಬಂದಿದ್ದಾರೆ.